ಸೀಸೆಯ ತಳದಲ್ಲಿ ಕೂತಿದ್ದ ನಾರು

ಬೆಳಗಿನ ಆರೂಕಾಲು. ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಯಲ್ಲಿ ಐವತ್ತೆರಡರ ಟೆಕ್ನೀಷಿಯನ್ ಹೆಬ್ಬೆರಳುದ್ದದ ಸೀಸೆಯೊಂದನ್ನು ಮೆಲ್ಲಗೆ ತಲೆಕೆಳಗು ಮಾಡುತ್ತಾರೆ, ನೆಟ್ಟಗೆ ಮಾಡುತ್ತಾರೆ, ಮತ್ತೆ ತಲೆಕೆಳಗು. ತುಟಿ ಎಣಿಸುತ್ತಿದೆ. ಹತ್ತಾದರೂ ಸಮಾಧಾನವಿಲ್ಲ, ಇನ್ನೆರಡು. ಜೊತೆಯವರು ಇವರಿಗೆ ಇಟ್ಟಿರುವ ಹೆಸರು ‘ಇನ್ನೊಂದ್ಸಲ ಅಕ್ಕ’.

ಇವತ್ತು ಆ ಹೆಸರಿಗೆ ನಗುವ ಸ್ಥಿತಿಯಲ್ಲಿ ಅಕ್ಕ ಇಲ್ಲ. ಹೊರಗಿನ ಬೆಂಚಿನಲ್ಲಿ ಹದಿಮೂರರ ಹುಡುಗಿಯೊಬ್ಬಳ ತಾಯಿ ಕೂತಿದ್ದಾರೆ. ಮಗಳ ಸೊಟ್ಟಗಾದ ಬೆನ್ನುಮೂಳೆಗೆ ಇವತ್ತು ಹನ್ನೊಂದಕ್ಕೆ ಆಪರೇಷನ್ ಆಗಬೇಕಿತ್ತು. ಎಂಟು ತಿಂಗಳು ಕಾದು ಸಿಕ್ಕ ದಿನ. ಆಗಾಗ ಮೂಗಿನಲ್ಲಿ ರಕ್ತ ಬರುತ್ತದೆಂದು ಡಾಕ್ಟರು ಮೊದಲು ಪರೀಕ್ಷೆ ಹೇಳಿದ್ದರು. ನಿನ್ನೆ ಮಧ್ಯಾಹ್ನ ಅವಳ ರಕ್ತಕ್ಕೆ ಈ ಸೀಸೆಯ ಕೊಲಾಜೆನ್ ಬೆರೆಸಿದಾಗ ಯಂತ್ರದ ಗೆರೆ ಏಳಲೇ ಇಲ್ಲ. ಹುಡುಗಿಯ ಪ್ಲೇಟ್‌ಲೆಟ್‌ಗಳು ಕೊಲಾಜೆನ್ ಹಿಡಿಯುತ್ತಿಲ್ಲ ಎಂದು ವರದಿ ಹೋಯಿತು. ಆಪರೇಷನ್ ನಿಂತಿತು.

“ಗಾಯ ಆದಾಗ ರಕ್ತನಾಳದ ಗೋಡೆ ಕಿತ್ತೋಗಿ ಒಳಗಿನ ನಾರು ಕಾಣುತ್ತೆ, ಅದೇ ಕೊಲಾಜೆನ್,” ಎನ್ನುತ್ತಾರೆ ಅಕ್ಕ. “ಅದನ್ನ ಹಿಡಿಯೋಕೆ ಪ್ಲೇಟ್‌ಲೆಟ್ ಮೈಮೇಲೆ ಪುಟ್ಟ ಕೈ ಥರದವು ಇರ್ತವೆ. ಡಾಕ್ಟ್ರು ರಿಸೆಪ್ಟರ್, ಅಂದ್ರೆ ಗ್ರಾಹಕ, ಅಂತಾರೆ. ಒಂಟಿ ಕೈಗೆ ಹಿಡಿತ ಸಾಲದು. ಎರಡು ಪಕ್ಕಪಕ್ಕ ಬಂದು ಜೋಡಿಯಾದ್ರೆ ಗಟ್ಟಿ. ಒದ್ದೆ ಬೆಡ್‌ಶೀಟ್‌ನ ಒಂದೇ ಕೈಲಿ ಹಿಂಡಿ ನೋಡಿ, ಗೊತ್ತಾಗುತ್ತೆ!”

ಹಿಡಿತ ಸಿಕ್ಕಿತೆಂದರೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟುತ್ತವೆ, ಮಬ್ಬು ದ್ರವ ತಿಳಿಯಾಗುತ್ತದೆ, ಬೆಳಕು ಹಾಯುತ್ತದೆ, ಗೆರೆ ಏರುತ್ತದೆ. ದಿನಕ್ಕೆ ಆರೇಳು ಜನರ ರಕ್ತ, ಒಬ್ಬೊಬ್ಬರದು ನಾಲ್ಕು ನಳಿಕೆ, ಎಲ್ಲವೂ ರಕ್ತ ತೆಗೆದ ನಾಲ್ಕು ಗಂಟೆಯೊಳಗೆ. ಅಕ್ಕ ಹಗಲು ಇದೇ ಕೋಣೆಯ ಬಾಟಲಿ ತೊಳೆದು, ಸಂಜೆ ತರಗತಿಯಲ್ಲಿ ಓದಿ ಈ ಯಂತ್ರದ ಮುಂದೆ ಕೂತವರು. ಕೂತು ಹನ್ನೊಂದು ವರ್ಷ. ಹೋಲಿಸಲು ಆರೋಗ್ಯವಂತರ ರಕ್ತವೂ ಬೇಕು. ಹೆಚ್ಚಿನ ದಿನ ಅದು ಇವರದೇ. ಕೆಲವು ನೋವಿನ ಮಾತ್ರೆ ನುಂಗಿದರೆ ಪ್ಲೇಟ್‌ಲೆಟ್‌ಗಳು ಹತ್ತು ದಿನ ಮಂಕಾಗುತ್ತವೆ, ಹಾಗಾಗಿ ತಲೆ ಸಿಡಿದರೂ ಮಾತ್ರೆಯಿಲ್ಲ.

“ಅವಳ ತಲೆನೋವಿಗೆ ನಾನೇ ಮಾತ್ರೆ,” ಎನ್ನುತ್ತಾರೆ ಗಂಡ. “ನನ್ನನ್ನ ಬೈದ್ರೆ ಹಗುರ ಆಗುತ್ತೆ.”

ನಿನ್ನೆ ಬೆಳಿಗ್ಗೆ ಇದೇ ಸೀಸೆಯ ಕೊಲಾಜೆನ್ ಅಕ್ಕನ ರಕ್ತದಲ್ಲಿ ಗೆರೆಯನ್ನು ಚೆನ್ನಾಗಿ ಏರಿಸಿತ್ತು. ಹಾಗಾಗಿ ಸಂಶಯ ಬರಲಿಲ್ಲ. ಸಂಜೆ ಮನೆಯಲ್ಲಿ ಚಹಾದ ಕೊನೆಯ ಗುಟುಕಿಗೆ ಕರಗದ ಸಕ್ಕರೆ ಬಾಯಿಗೆ ಬಂದಾಗ ಅಕ್ಕ ಲೋಟ ಕೆಳಗಿಟ್ಟರು. ಸುಮ್ಮನೆ ಇಟ್ಟರೆ ಕೊಲಾಜೆನ್ ನಾರೂ ಹೀಗೇ ತಳಕ್ಕಿಳಿಯುತ್ತದೆ, ಮೇಲೆ ಬರೀ ತಿಳಿ ದ್ರವ ಉಳಿಯುತ್ತದೆ. ಮಧ್ಯಾಹ್ನದ ಗಡಿಬಿಡಿಯಲ್ಲಿ ಸೀಸೆ ಅಲುಗಿಸಿದ್ದೆನೆ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಕೂಡಲೇ ಡಾಕ್ಟರಿಗೆ ಫೋನ್ ಮಾಡಿದರು.

“ತಪ್ಪು ನಿಮ್ಮದು ಅಂತ ನೀವೇ ಹೇಳ್ತಿದ್ದೀರಾ?”

“ಇರಬಹುದು ಅಂತಿದ್ದೀನಿ ಸಾರ್. ಬೆಳಿಗ್ಗೆ ಇನ್ನೊಂದ್ಸಲ ನೋಡೋಣ. ಅಲ್ಲೀವರೆಗೆ ಆಪರೇಷನ್‌ಗೆ ಇಟ್ಟ ಆ ಜಾಗ ಬೇರೆಯವ್ರಿಗೆ ಕೊಡ್ಬೇಡಿ.”

ಈಗ ಹುಡುಗಿಯ ಹೊಸ ರಕ್ತ ಯಂತ್ರದಲ್ಲಿದೆ. ಒಂದು ನಿಮಿಷ ಗೆರೆ ಮಲಗೇ ಇದೆ. ಅಕ್ಕನ ತುಟಿ ಸೆಕೆಂಡು ಎಣಿಸುತ್ತಿದೆ. ಗೆರೆ ತುಸು ಕೆಳಗೆ ಬಾಗುತ್ತದೆ, ಆಮೇಲೆ ಸರಸರನೆ ಏರತೊಡಗುತ್ತದೆ. ನಂಬದೆ ಇನ್ನೊಂದು ನಳಿಕೆ ಇಡುತ್ತಾರೆ. ಅದೂ ಏರುತ್ತದೆ. ಕುರ್ಚಿಗೆ ಒರಗಿದವರಿಗೆ ಬರುವುದು ನಗುವೋ ಅಳುವೋ, ಅವರಿಗೇ ತಿಳಿಯದು. ಡಾಕ್ಟರಿಗೆ ಹೇಳಿ, ಬಾಗಿಲಿಗೆ ಬಂದು ತಾಯಿಗೆ ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ.

“ನಂದೇ ತಪ್ಪಮ್ಮ. ನಿಮ್ಮನ್ನ ರಾತ್ರಿಯಿಡೀ ಅಳಿಸ್ಬಿಟ್ಟೆ.”

“ಅಳಿಸಿದ್ದೂ ನೀವೇ, ನಿಲ್ಸಿದ್ದೂ ನೀವೇ, ಬಿಡಿ ಅಕ್ಕ,” ಎಂದು ಆಕೆ ಕಣ್ಣೊರೆಸುತ್ತಾರೆ. “ಹನ್ನೊಂದಕ್ಕೇ ತಾನೆ?”

“ಹನ್ನೊಂದಕ್ಕೇ. ಮಗಳ ಹತ್ರ ಓಡಿ.”

ನಿನ್ನೆಯಿಂದ ಹಿಡಿದಿರುವ ತಲೆನೋವು ಅಕ್ಕನಿಗೆ ಈಗ ಗಮನಕ್ಕೆ ಬರುತ್ತದೆ. ಏನಾದರೂ ಆಸೆಯಿದೆಯೇ ಎಂದರೆ, “ಹತ್ತು ದಿನ ಹೋಲಿಸೋಕೆ ಬೇರೆ ಯಾರಾದ್ರೂ ರಕ್ತ ಕೊಟ್ರೆ, ಒಂದೇ ಒಂದು ಮಾತ್ರೆ ನುಂಗಿ ಮಲಗ್ಬೇಕು,” ಎನ್ನುತ್ತಾರೆ. ಕರವಸ್ತ್ರ ನೆನೆಸಿ, ಎರಡೂ ಕೈಯಲ್ಲಿ ಹಿಂಡಿ ಹಣೆಗಿಟ್ಟುಕೊಂಡು, ಸೀಸೆಯನ್ನು ಮತ್ತೆ ತಲೆಕೆಳಗು ಮಾಡುತ್ತಾರೆ.

“ಈ ವಾರ ಬೇಡ. ಮೂರು ಜನರ ಆಪರೇಷನ್ ಇದೆ, ನನ್ನ ರಕ್ತ ಬೇಕಾಗುತ್ತೆ.”