ಗಂಧ ಮೆತ್ತಿಸಿಕೊಂಡ ಲ್ಯಾಪ್‌ಟಾಪ್

ಜಗತ್ತಿನ ಅತಿ ಕೆಟ್ಟ ಕಂಪ್ಯೂಟರ್ ಯಾವುದೆಂದು ಇಂದು ಗೊತ್ತಾಯಿತು, ಗೆಳೆಯರೇ. ಅಣ್ಣನ ಹೊಸ ಲ್ಯಾಪ್‌ಟಾಪ್. ಅದನ್ನು ತೆರೆಯಲು ಅವನ ಬೆರಳೇ ಬೇಕು.

ಪೋರೂರಿನ ನಮ್ಮ ಹೋಟೆಲಿನಲ್ಲಿ ಬೆಳಿಗ್ಗೆ ಆಯುಧಪೂಜೆ. ಅಪ್ಪಯ್ಯ ಗ್ರೈಂಡರಿನಿಂದ ಹಿಡಿದು ಎಲ್ಲಕ್ಕೂ ಗಂಧ ಹಚ್ಚುತ್ತ ಬಂದು, ಲ್ಯಾಪ್‌ಟಾಪಿನ ಬೆರಳಿಡುವ ಗುಂಡಿಗೂ ದಪ್ಪಗೆ ಮೆತ್ತಿದರು. ಮಂಗಳಾರತಿ ಮುಗಿಯುತ್ತಲೇ ಗಿರಾಕಿಯೊಬ್ಬರ ಫೋನು. ನಾಳೆಯ ಗೃಹಪ್ರವೇಶದ ಊಟದ ಪಟ್ಟಿ ಹತ್ತು ನಿಮಿಷದಲ್ಲಿ ಬಾರದಿದ್ದರೆ ಬೇರೆ ಹೋಟೆಲಿಗೆ ಹೇಳುತ್ತಾರಂತೆ. ಪಟ್ಟಿ ಇದ್ದದ್ದು ಲ್ಯಾಪ್‌ಟಾಪಿನೊಳಗೆ.

ಅಣ್ಣ ಒರೆಸಿದ, ಒತ್ತಿದ, ಮತ್ತೆ ಒರೆಸಿದ. ತೆರೆಯಲಿಲ್ಲ.

“ಪಾಸ್‌ವರ್ಡ್ ಎಂತದು?” ಎಂದೆ.

“ಬೆರಳು ಉಂಟಲ್ಲ ಅಂತ ನೆನಪಿಟ್ಟುಕೊಳ್ಳಲಿಲ್ಲ” ಎಂದವನು ಅಪ್ಪಯ್ಯನತ್ತ ತಿರುಗಿದ. “ಕಂಪ್ಯೂಟರಿಗೆ ಯಾರಾದ್ರೂ ಗಂಧ ಹಚ್ತಾರಾ ಅಪ್ಪಯ್ಯ?”

“ಹಳೇದಕ್ಕೆ ಪ್ರತಿ ವರ್ಷ ಹಚ್ಚಿದ್ದೇನೆ. ಅದು ಒಂದು ದಿನವೂ ಹೀಗೆ ಮಾಡ್ಲಿಲ್ಲ” ಎಂದರು ಅಪ್ಪಯ್ಯ, ಆರತಿ ತಟ್ಟೆ ಕೆಳಗಿಡದೆ.

ಫೋನು ಮತ್ತೆ ಹೊಡೆದುಕೊಂಡಿತು. ನಾನು ಉಗ್ರಾಣಕ್ಕೆ ಓಡಿ ಆ ಹಳೇ ಕಂಪ್ಯೂಟರನ್ನು ಆನ್ ಮಾಡಿದೆ. ಕೀಬೋರ್ಡಿನ ಸಂದಿಯಲ್ಲೆಲ್ಲ ವರ್ಷಗಳ ಕುಂಕುಮ. ಯಾವುದೋ ಹಳೇ ಪಟ್ಟಿಗೆ ಇವರ ಹೆಸರು ಹಾಕಿ ಕಳಿಸಿದೆ. ಒಪ್ಪಿಕೊಂಡರು.

ಪೂಜೆ ಮಾಡಿದ ಆಯುಧವನ್ನು ಆ ದಿನ ಮುಟ್ಟಬಾರದೆಂಬ ಶಾಸ್ತ್ರವಿದೆ. ನಮ್ಮಲ್ಲಿ ಗ್ರೈಂಡರು ಆಗಲೇ ತಿರುಗುತ್ತಿತ್ತು. ಸಂಜೆಯವರೆಗೂ ಶಾಸ್ತ್ರ ಪಾಲಿಸಿದ್ದು ಆ ಲ್ಯಾಪ್‌ಟಾಪ್ ಒಂದೇ.