ದಿಬ್ಬದ ಮೇಲಿನ ಬೈರಾಸು

ಬಾಂಗ್ಲಾ ಯುದ್ಧ ಮುಗಿಸಿ ನನ್ನ ತಮ್ಮ ಊರಿಗೆ ಬಂದ ದಿನ ನನಗೆ ಬಹಳ ಸಂತೋಷವಾಯಿತು ಎಂದು ಬರೆಯಬಹುದು. ಬರೆದರೆ ಸುಳ್ಳಾಗುತ್ತದೆ. ಜೀವ ಉಳಿಸಿಕೊಂಡು ಬಂದನಲ್ಲ ಎಂಬ ಸಮಾಧಾನ ಒಂದು ಗಳಿಗೆ ಇತ್ತು, ನಿಜ. ಅಷ್ಟರಲ್ಲಿ ಅಬ್ಬಿ, ನಮ್ಮನ್ನು ಹೆತ್ತವಳು, ಬಂಗುಡೆಯ ನಡುವಿನ ತುಂಡನ್ನು ನನ್ನ ತಟ್ಟೆ ದಾಟಿಸಿ ಅವನ ತಟ್ಟೆಗೆ ಹಾಕಿದಳು. ಇಬ್ಬರು ಮಕ್ಕಳ ತಂದೆಯಾದ ನಾನು ಮೀನಿನ ತುಂಡಿಗೆ ಹೊಟ್ಟೆಕಿಚ್ಚುಪಟ್ಟೆ.

ನಮ್ಮ ಮನೆ ಮರವಂತೆಗೂ ಬೈಂದೂರಿಗೂ ನಡುವೆ, ಕಡಲಿಗೆ ಮುಖ ಮಾಡಿ. ಅಪ್ಪಯ್ಯ ಊರಿನ ರಂಪಣಿಗೆ ಬೈರಾಸು, ಹೆಗಲ ವಸ್ತ್ರ, ಬೀಸಿ ದಾರಿ ತೋರಿಸುವವನು. ರಂಪಣಿ ಎಂದರೆ ಊರೆಲ್ಲ ಸೇರಿ ಎಳೆಯುವ ದೊಡ್ಡ ಬಲೆ. ಒಂದು ತುದಿಯ ಹಗ್ಗ ದಡದಲ್ಲಿರುತ್ತದೆ. ದೋಣಿ ಮೀನಿನ ಹಿಂಡನ್ನು ಸುತ್ತುವರಿದು ಬಲೆ ಬಿಡುತ್ತ ಇನ್ನೊಂದು ತುದಿಯನ್ನು ದಡಕ್ಕೆ ತರುತ್ತದೆ. ದೋಣಿಯಲ್ಲಿ ಕುಳಿತವರಿಗೆ ಹಿಂಡು ಸರಿಯಾಗಿ ಕಾಣುವುದಿಲ್ಲ, ಮರಳ ದಿಬ್ಬದ ಮೇಲೆ ನಿಂತವನಿಗೆ ಕಾಣುತ್ತದೆ. ಅವನು ಕೆಂಪು ಬೈರಾಸನ್ನು ಬಡಗಿಗೆ ಚಾಚಿದರೆ ದೋಣಿ ಬಡಗಿಗೆ, ತೆಂಕಿಗೆ ಚಾಚಿದರೆ ತೆಂಕಿಗೆ. ತಲೆಯ ಮೇಲೆ ಎತ್ತಿದನೋ, ಆ ಕ್ಷಣವೇ ಬಲೆ ನೀರಿಗೆ. ಅವನ ಮಾತಿಗೆ ದೋಣಿಯ ಮುಖ್ಯಸ್ಥ ತಂಡೇಲನೂ ಎದುರಾಡುವ ಹಾಗಿಲ್ಲ. ಆ ಬೈರಾಸು ಅಪ್ಪಯ್ಯನ ನಂತರ ನನಗೆ ಬರಬೇಕೆಂಬುದು ನನ್ನ ಒಂದೇ ಆಸೆಯಾಗಿತ್ತು.

ನಾವು ಚಿಕ್ಕವರಿದ್ದಾಗ ಬ್ರಹ್ಮಾವರದಲ್ಲಿದ್ದ ಸೋದರಮಾವ, ಒಬ್ಬನನ್ನು ಕಳುಹಿಸಿ, ನಾನು ಓದಿಸುತ್ತೇನೆ ಎಂದಿದ್ದ. ಅಪ್ಪಯ್ಯ ತಮ್ಮನನ್ನು ಕಳುಹಿಸಿದ. ಅವನ ಕಣ್ಣು ಚುರುಕಂತೆ. ನೀರಿನ ಬಣ್ಣ ನೋಡಿ ಕೆಳಗಿರುವುದು ಬಂಗುಡೆಯೋ ಬೈಗೆಯೋ ಎಂದು ಹೇಳುತ್ತಿದ್ದವನು ನಾನು, ಆದರೆ ಹಿತ್ತಲ ಗಿಡ ಮದ್ದಲ್ಲವಲ್ಲ. ನನ್ನ ಕೈಗೆ ಹುಟ್ಟು ಬಂತು. ಅವನು ಓದಿ ನೇವಿಗೆ ಸೇರಿದ. ಅಲ್ಲಿಯೂ ಅವನಿಗೆ ಸಿಕ್ಕಿದ ಕೆಲಸ ಎಂಥದ್ದು ನೋಡಿ: ಹಡಗಿನ ಮೇಲೆ ನಿಂತು ಬಾವುಟ ಏರಿಸುವುದು, ಬೇರೆ ಹಡಗಿನ ಬಾವುಟ, ದೀಪ ಓದಿ ಹೇಳುವುದು. ಸಿಗ್ನಲ್‌ಮ್ಯಾನ್. ನನಗೆ ಬೇಕಾದ ಕೆಲಸವನ್ನೇ ಸರಕಾರ ಅವನಿಗೆ ಸಂಬಳ ಕೊಟ್ಟು ಮಾಡಿಸುತ್ತಿತ್ತು.

ಯುದ್ಧ ಶುರುವಾದ ಮೇಲೆ ಅವನಿಂದ ಕಾಗದವಿಲ್ಲ. ಹಡಗು ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲ. ಅಬ್ಬಿ ಊಟ ಬಿಟ್ಟಳು. ಅಪ್ಪಯ್ಯ ಹೋಟೆಲಿನ ರೇಡಿಯೋ ಮುಂದೆ ಕೂತರೆ ಏಳುತ್ತಿರಲಿಲ್ಲ. ಊರಿನವರೆಲ್ಲ ನನ್ನನ್ನು ನಿಲ್ಲಿಸಿ ಕೇಳುತ್ತಿದ್ದದ್ದು ಒಂದೇ, ತಮ್ಮನ ಸುದ್ದಿ ಏನಾದರೂ ಬಂತೇ ಎಂದು. ನನ್ನ ಸುದ್ದಿ ಯಾರಿಗೆ ಬೇಕು? ಕಡಲಿಗೆ ಇಳಿಯಬೇಡಿ, ದೀಪ ಹೊರಗೆ ಕಾಣಬಾರದು ಎಂದು ಪೊಲೀಸರು ಹೇಳಿಹೋಗಿದ್ದರು. ನಾನು ಲಾಟೀನಿನ ಗಾಜಿಗೆ ಮಸಿ ಬಳಿದು, ದೋಣಿಯನ್ನು ಮರಳ ಮೇಲೆ ಎಳೆದು ಹಾಕಿ, ಗಂಜಿಗೆ ಉಪ್ಪಿನಕಾಯಿ ನೆಂಚಿಕೊಂಡು ಕುಳಿತಿದ್ದೆ. ನಾನು ಮಾಡಿದ ಯುದ್ಧ ಅಷ್ಟೆ.

ಅವನು ರಜೆಯಲ್ಲಿ ಬಂದಾಗ ಜಗಲಿಯಲ್ಲಿ ಜಾಗವಿಲ್ಲದಷ್ಟು ಜನ. ತಮ್ಮ ಜಂಬ ಕೊಚ್ಚುವವನಲ್ಲ. ಕೊಚ್ಚಿದ್ದರೆ ನನಗೆ ಬೈಯಲಾದರೂ ದಾರಿ ಇರುತ್ತಿತ್ತು. ಕೇಳಿದ್ದಕ್ಕಷ್ಟೇ ಮೆಲ್ಲಗೆ ಹೇಳುತ್ತಿದ್ದ. ಹಡಗುಗಳು ದೀಪ ಆರಿಸಿ ಸಾಗುತ್ತಿದ್ದವಂತೆ. ವಯರ್‌ಲೆಸ್ಸಿನಲ್ಲಿ ಮಾತಾಡಿದರೆ ಶತ್ರುವಿಗೆ ಕೇಳುತ್ತದೆಂದು ಅದಕ್ಕೂ ಬೀಗ. ಹಗಲು ಬಾವುಟ, ಕತ್ತಲಾದರೆ ಮುಚ್ಚಳವಿರುವ ಸಣ್ಣ ದೀಪ. ಮುಂದಿನ ಹಡಗಿನಲ್ಲಿದ್ದ ದೊಡ್ಡ ಅಧಿಕಾರಿಯ ಆಜ್ಞೆಯನ್ನು ಇವನು ಓದಿ ಕೂಗಿ ಹೇಳಿದ ಮೇಲೆಯೇ ಇವರ ಕ್ಯಾಪ್ಟನ್ ಹಡಗು ತಿರುಗಿಸುತ್ತಿದ್ದದ್ದು. ಒಂದು ಅಕ್ಷರ ತಪ್ಪಿದರೆ ಎಲ್ಲರ ಜೀವಕ್ಕೂ ಅಪಾಯ. ಅಪ್ಪಯ್ಯ ಇದನ್ನು ಮೂರು ಸಲ ಹೇಳಿಸಿಕೊಂಡ. ಪ್ರತಿ ಸಲವೂ ನನ್ನ ಕಡೆ ತಿರುಗಿ, ಕೇಳಿದೆಯಾ ಎಂಬಂತೆ ನೋಡಿದ.

ಮರುದಿನ ಬಲೆ ಹೆಣೆಯುತ್ತ ಕೂತಿದ್ದಾಗ ನಾನೇ ಕೆದಕಿದೆ, ಬಾವುಟ ಏರಿದ ಕೂಡಲೇ ಎಲ್ಲ ಹಡಗುಗಳೂ ತಿರುಗುತ್ತವೆಯೇ ಎಂದು. ಅವನು ನಕ್ಕ.

"ಇಲ್ಲ ಅಣ್ಣ. ಬಾವುಟ ಮೇಲ್ ಹೋಯ್ತ್ ಅಂದ್ರೆ ತಯಾರಿ. ಕೆಳಗ್ ಬಂತ್ ಅಂದ್ರೆ ಮಾಡೂದ್."

ಏರಿದ್ದನ್ನು ಎಲ್ಲರೂ ನೋಡಬೇಕು, ನೋಡಿದ್ದೇವೆ ಎಂದು ತಿಳಿಸಬೇಕು, ಆಮೇಲೆ ಬಾವುಟವನ್ನು ಸರ್ರನೆ ಇಳಿಸುತ್ತಾರೆ, ಆಗಲೇ ಎಲ್ಲ ಒಟ್ಟಿಗೆ ತಿರುಗುವುದು ಎಂದ. ನಮ್ಮ ದಿಬ್ಬದ ರೀತಿಗೆ ಇದು ತದ್ವಿರುದ್ಧ ಎಂದು ನನಗೆ ಆಗಲೇ ಹೊಳೆಯಿತು. ನಾನು ದಾರ ಬಿಗಿದೆ.

ಅಪ್ಪಯ್ಯನ ಕಣ್ಣಿಗೆ ಆ ಹೊತ್ತಿಗೆ ಪೊರೆ ಬಂದಿತ್ತು. ಇನ್ನು ಬೈರಾಸು ಯಾರಿಗೆ ಎಂದು ಊರಿನವರು ಮಾತಾಡಿಕೊಳ್ಳುತ್ತಿದ್ದರು. ನನಗೇ ಎಂದು ನಾನು ನಂಬಿದ್ದೆ. ಆ ಸಂಜೆ ಅಪ್ಪಯ್ಯ ನನ್ನನ್ನು ಕರೆದು ತಮ್ಮನನ್ನು ತೋರಿಸಿದ.

"ನಾಳಿಗ್ ಇವ ನಿಲ್ಲಲಿ. ಒಂದ್ ಸಲ ಎಲ್ಲ ಹೇಳಿ ಕೊಡ್."

ನೇವಿಯ ಕಣ್ಣು ಒಂದು ದಿನವಾದರೂ ನಮ್ಮ ದಿಬ್ಬದ ಮೇಲೆ ನಿಲ್ಲಲಿ ಎಂಬ ಆಸೆ ಅವನದು. ನಾನು ಹೇಳಿಕೊಟ್ಟೆ. ಬಡಗು, ತೆಂಕು, ಹೊರಗೆ, ಒಳಗೆ, ಒಂದನ್ನೂ ಬಿಡಲಿಲ್ಲ. ಕೊನೆಗೆ, ಮೇಲೆತ್ತಿದರೆ ಬಲೆ ಬಿಡುವುದು ಎಂದೆ. ಅವನು ತಲೆಯಾಡಿಸಿದ. ಅದನ್ನು ಅವನು ತನ್ನ ಹಡಗಿನ ರೀತಿಯಲ್ಲೇ ತಿಳಿದುಕೊಂಡ ಎಂದು ನನಗೆ ಗೊತ್ತಾಯಿತು. ಇಲ್ಲಿ ಇಳಿಸುವವರೆಗೆ ಯಾರೂ ಕಾಯುವುದಿಲ್ಲ ಎಂಬ ಒಂದು ಮಾತು ನಾಲಿಗೆಯ ತುದಿಯಲ್ಲಿತ್ತು. ನುಂಗಿದೆ. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಬೆಳಿಗ್ಗೆ ಬಂಗುಡೆ ಬಂತು, ತಿಂಗಳುಗಟ್ಟಲೆ ಕಾದಿದ್ದ ಹಿಂಡು. ಅಪ್ಪಯ್ಯ ಕೆಳಗೆ ಹಗ್ಗ ಹಿಡಿದವರ ಜೊತೆ ನಿಂತಿದ್ದ. ನಾನು ದೋಣಿಯಲ್ಲಿ, ಬಲೆ ಬಿಡುವ ಜಾಗದಲ್ಲಿ. ತಮ್ಮ ದಿಬ್ಬದ ಮೇಲೆ ನೆಟ್ಟಗೆ ನಿಂತು ನಮ್ಮನ್ನು ಬಡಗಿಗೆ ತಂದ, ಇನ್ನೂ ಸ್ವಲ್ಪ ಹೊರಗೆ ತಂದ. ಹಾಗೆ ತರಲು ಅಪ್ಪಯ್ಯನಿಗೂ ಬರುತ್ತಿರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಆಮೇಲೆ ಬೈರಾಸು ತಲೆಯ ಮೇಲೆ ಹೋಯಿತು.

ಹಿಂಡು ಇನ್ನೂ ಒಳಗೆ ಬರುತ್ತಿತ್ತು. ಎತ್ತಿದ ಬೈರಾಸಿನಿಂದ ತಮ್ಮ ಹೇಳುತ್ತಿದ್ದದ್ದು ತಯಾರಾಗಿ ಎಂದಷ್ಟೇ. ಬಿಡಿ ಎಂದು ತಂಡೇಲ ಕೂಗಿದ. ತಡೆಯಿರಿ ಎನ್ನಲು ನನಗೆ ಒಂದು ಉಸಿರಿನಷ್ಟು ಹೊತ್ತು ಇತ್ತು. ಆದರೆ ಬಲೆಯ ಮೊದಲ ಮಡಿಕೆಯನ್ನು ನೀರಿಗೆ ಎಸೆದದ್ದು ನನ್ನದೇ ಕೈ. ಬಲೆ ಹಿಂಡಿನ ಎದುರಿಗೇ ಬಿತ್ತು. ಬಂಗುಡೆ ಬೆದರಿ ಪಡುವಣಕ್ಕೆ ತಿರುಗಿತು. ಎಲ್ಲರೂ ಬೈಯುತ್ತ ಹುಟ್ಟು ಹಾಕುತ್ತಿದ್ದಾಗ ನಾನು ದಿಬ್ಬದ ಕಡೆ ನೋಡಿದೆ. ಅವನು ಇನ್ನೂ ಬೈರಾಸು ಎತ್ತಿಕೊಂಡೇ ನಿಂತಿದ್ದ. ಮೀನು ಬರಬೇಕಾಗಿದ್ದ ಹೊತ್ತಿಗೆ ಸರಿಯಾಗಿ ಅದನ್ನು ಸರ್ರನೆ ಇಳಿಸಿದ. ಆ ದೋಣಿಯಲ್ಲಿ ಅದರ ಅರ್ಥ ತಿಳಿದವನು ನಾನೊಬ್ಬನೇ.

ಬಲೆಯಲ್ಲಿ ಬಂದದ್ದು ಮನೆಗೊಂದು ಸಾರಿಗೂ ಸಾಲದು. ಹೆಂಗಸರು ಖಾಲಿ ಬುಟ್ಟಿ ಹಿಡಿದು ಹೊರಟರು. ತಂಡೇಲ ಅಪ್ಪಯ್ಯನ ಎದುರಿಗೆ ಬಂದು, ಹೇಳಿಕೊಟ್ಟವರು ಯಾರು ಎಂದು ಕೇಳಿದ. ನಾನು ಬಗ್ಗಿ ಬಲೆಯ ಸಿಕ್ಕು ಬಿಡಿಸತೊಡಗಿದೆ. ತಮ್ಮ ದಿಬ್ಬ ಇಳಿದು ಬಂದ.

"ಅಣ್ಣ ಸಮಾ ಹೇಳಿ ಕೊಟ್ಟಿದ್ದ. ತಪ್ಪಿದ್ದ್ ನಾನೇ."

ಅಪ್ಪಯ್ಯ ತಮ್ಮನ ಕೈಯಿಂದ ಬೈರಾಸು ತೆಗೆದು ನನ್ನ ಹೆಗಲಿಗೆ ಹಾಕಿದ. ಕೈಗೆ ಹುಟ್ಟು ಬಂದ ದಿನದಿಂದ ಹದಿನಾಲ್ಕು ವರ್ಷ ನಾನು ಕಾದದ್ದು ಅದಕ್ಕೇ. ಅದು ಹೆಗಲಿಗೆ ಬಿದ್ದಾಗ ತಮ್ಮನ ಬೆವರಿಗೆ ಒದ್ದೆಯಾಗಿ ತಣ್ಣಗಿತ್ತು.

ರಜೆ ಮುಗಿದ ದಿನ ಅವನ ಟ್ರಂಕು ಹೊತ್ತು ಕುಂದಾಪುರದ ಬಸ್ ಸ್ಟ್ಯಾಂಡಿಗೆ ಹೋದೆ. ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದ್ದೆ. ಅಲ್ಲಿ ನಿಂತು ಮಾತಾಡಿದ್ದು ಅಬ್ಬಿಯ ಕಾಲುನೋವಿನ ಬಗ್ಗೆ. ಬಸ್ಸು ಅಲುಗಿದಾಗ ಅವನು ಕಿಟಕಿಯಿಂದ ಬಗ್ಗಿ, ಕೋಪವಿಲ್ಲದೆ, ಬಾವುಟ ಓದಿ ಹೇಳುವವನ ಹಾಗೆ ಒಂದು ಮಾತು ಹೇಳಿದ.

"ಆ ದಿನ ಬೈರಾಸ್ ಕೆಳಗ್ ಇಳ್ಸುವಾಗ ದೋಣಿ ಒಳ್ಗೆ ನನ್ ಬದಿ ನೋಡ್ತಿದ್ದದ್ ನೀ ಒಬ್ನೆ ಅಣ್ಣ."

ಆಮೇಲೆ ಬಸ್ಸು ಹೊರಟಿತು. ನಾನು ಮನೆಗೆ ನಡೆದೇ ಬಂದೆ.