ಎದ್ದು ನಿಂತ ಹನ್ನೆರಡು ಹುಡುಗಿಯರು

ಗೊಟ್ಟಿಗೆರೆಯ ಹಳೇ ಊರಿನ ಮಸೀದಿಗೆ ಅಂಟಿಕೊಂಡ ಶೀಟಿನ ಕೋಣೆಯಲ್ಲಿ ಆರು ವರ್ಷ ನಾನು ಭಾನುವಾರದ ಧರ್ಮಪಾಠ ಹೇಳಿದೆ. ಉರ್ದು ಓದಲು ಬಾರದ ಹನ್ನೆರಡು ಹುಡುಗಿಯರು. ಹಾಗಾಗಿ ಪಾಠ ಕನ್ನಡದಲ್ಲೇ. ಎದುರು ಮನೆಯ ಗೌಡರ ಅಜ್ಜಿ ಜಗಲಿಯಲ್ಲಿ ಕೂತು ಈ ಹುಡುಗಿಯರ ಚಪ್ಪಲಿ ಕಾಯುತ್ತಿದ್ದರು. ಒಮ್ಮೆ ನಾಯಿ ಕಚ್ಚಿಕೊಂಡು ಹೋದ ಚಪ್ಪಲಿಗಾಗಿ ಕೋಲು ಹಿಡಿದು ಕೆರೆಯ ತನಕ ಹೋಗಿದ್ದರು.

ನಮ್ಮ ಪುಸ್ತಕದಲ್ಲಿ ಒಂದು ಪಾಠವಿತ್ತು. ಯಹೂದಿಯೊಬ್ಬನ ಶವ ಹಾದುಹೋಗುವಾಗ ಪ್ರವಾದಿಗಳು ಎದ್ದು ನಿಂತರು. ಅದು ಬೇರೆ ಧರ್ಮದವನದು ಎಂದು ಜೊತೆಯವರು ಹೇಳಿದಾಗ, ಅದೂ ಒಂದು ಜೀವವಲ್ಲವೇ ಎಂದು ಕೇಳಿದರು. ಮಸೀದಿ ಕಮಿಟಿಯವರೇ ಆರಿಸಿಕೊಟ್ಟ ಪುಸ್ತಕ. ಪರೀಕ್ಷೆಯಲ್ಲಿ ಆ ಪ್ರಶ್ನೆ ತಪ್ಪದೆ ಬರುತ್ತಿತ್ತು.

ಆ ಪಾಠ ಮುಗಿದು ತಿಂಗಳಾಗಿರಲಿಲ್ಲ, ಒಂದು ಶನಿವಾರ ಅಜ್ಜಿ ತೀರಿಕೊಂಡರು. ಮರುದಿನ ಬೆಳಿಗ್ಗೆ ತರಗತಿಯ ನಡುವೆ ತಮಟೆ ಶುರುವಾಯಿತು. ಎಲ್ಲರಿಗಿಂತ ಚಿಕ್ಕವಳು ಕೇಳಿದಳು, "ಟೀಚರ್, ಎದ್ದು ನಿಲ್ಬೇಕಲ್ವಾ?"

ಬೇಡ ಎನ್ನಲು ನನ್ನ ಬಳಿ ಕಾರಣವಿರಲಿಲ್ಲ. ಗೇಟಿನ ಬಳಿ ಹನ್ನೆರಡೂ ಮಂದಿ ತಲೆತಗ್ಗಿಸಿ ಸಾಲಾಗಿ ನಿಂತರು. ಇಬ್ಬರು ಅಳುತ್ತಿದ್ದರು. ಬೆಂಕಿಯ ಮಡಕೆ ಹಿಡಿದು ಮುಂದೆ ನಡೆಯುತ್ತಿದ್ದ ಅಜ್ಜಿಯ ಮಗ ನಮ್ಮತ್ತ ನೋಡಿ ತಲೆಯಾಡಿಸಿದರು.

ಮೆರವಣಿಗೆಯಲ್ಲಿ ಯಾರೋ ಫೋನಿನಲ್ಲಿ ಚಿತ್ರ ತೆಗೆದಿದ್ದರು. ಸಂಜೆಯೊಳಗೆ ಅದು ಊರಿನ ವಾಟ್ಸಾಪ್ ಗುಂಪುಗಳಲ್ಲಿ ಸುತ್ತಿತು: ಹೆಣದ ದಾರಿಗೆ ಬುರ್ಖಾ ಹುಡುಗಿಯರನ್ನು ಅಡ್ಡ ನಿಲ್ಲಿಸಿದ್ದಾರೆ. ಒಬ್ಬಳೂ ಬುರ್ಖಾ ಹಾಕಿರಲಿಲ್ಲ. ತಲೆಯ ಮೇಲೆ ದುಪಟ್ಟಾ ಇತ್ತು, ಅಷ್ಟೇ.

ಸೋಮವಾರ ಅಜ್ಜಿಯ ಮಗನ ಹತ್ತಿರ ಹೋದೆ. ಸೂತಕದ ಮನೆ, ಬಾಗಿಲಲ್ಲೇ ನಿಂತು ಮಾತಾಡಿದರು.

"ನಂಗೊತ್ತು ಮೇಡಂ, ಮಕ್ಳು ಮರ್ಯಾದೆ ಕೊಟ್ಟಿದ್ದು. ಅಮ್ಮಂಗೂ ಖುಷಿ ಆಗಿರ್ತಿತ್ತು."

"ಅದನ್ನೇ ಗ್ರೂಪಲ್ಲಿ ಒಂದು ಮಾತು ಹಾಕಿ ಅಣ್ಣ."

ಅವರು ಬೀದಿಯ ಕಡೆ ನೋಡಿದರು. "ಅದೊಂದು ಕೇಳ್ಬೇಡಿ. ನಾನೂ ಇದೇ ಊರಲ್ಲಿ ಬಾಳ್ಬೇಕು."

ಅವರ ಮೇಲೆ ಬಂದ ಸಿಟ್ಟು ಎರಡು ದಿನವೂ ಉಳಿಯಲಿಲ್ಲ, ಬುಧವಾರ ನಮ್ಮ ಕಮಿಟಿಯೇ ನನ್ನನ್ನು ಕರೆಸಿತು. ನಾಲ್ವರು ಹಿರಿಯರು, ಮೇಜಿನ ಮೇಲೆ ಅದೇ ಚಿತ್ರ.

"ಪರಾಯಿ ಹೆಣಕ್ಕೆ ನಮ್ಮ ಹೆಣ್ಮಕ್ಳನ್ನ ಯಾಕೆ ನಿಲ್ಸಿದ್ರಿ? ತಂದೆತಾಯಿ ಕೇಳ್ತಾವ್ರೆ."

ಪುಸ್ತಕ ತೆರೆದು ಆ ಪುಟ ತೋರಿಸಿದೆ. ಅಧ್ಯಕ್ಷರು ಓದಲೂ ಇಲ್ಲ. "ಅದು ನಮಗೂ ಗೊತ್ತಮ್ಮ. ಪಾಠ ಹೇಳಿ ಅಂದ್ವಿ. ಬೀದಿಗೆ ತಗೊಂಡ್ಹೋಗಿ ಅಂದ್ವಾ?"

ಕ್ಷಮಾಪಣೆಯ ಕಾಗದ ಅವರೇ ಬರೆದಿಟ್ಟಿದ್ದರು. ಹರಿದು ಹಾಕಿ ಎದ್ದು ಬರಬಹುದಿತ್ತು. ಆದರೆ ನಾನು ಹೋದರೆ ಆ ಜಾಗಕ್ಕೆ ಬರುವವರು ಎಂಥವರೋ ಎಂದು ನನಗೆ ನಾನೇ ಹೇಳಿಕೊಂಡು ಸಹಿ ಹಾಕಿದೆ. ನಿಜ ಹೇಳಬೇಕೆಂದರೆ, ಹೆದರಿದ್ದೆ.

ಮುಂದಿನ ಭಾನುವಾರ ಏಳೇ ಹುಡುಗಿಯರು ಬಂದರು. ಚಿಕ್ಕವಳು ಚೀಲ ಕೆಳಗಿಡದೆ ನನ್ನ ಮುಂದೆ ನಿಂತಳು. "ಟೀಚರ್, ನಾವು ಮಾಡಿದ್ದು ತಪ್ಪಾ?"

"ತಪ್ಪಲ್ಲ," ಎಂದೆ. "ಆದ್ರೆ ಇನ್ಮೇಲೆ ಹಾಗೆ ಮಾಡ್ಬೇಡಿ."

ಅವಳು ಹೋಗಿ ಕೊನೆಯ ಸಾಲಿನಲ್ಲಿ ಕೂತಳು. ಆ ವರ್ಷವಿಡೀ ಮತ್ತೆ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.